ಅಂಗಳದ ಕೆಳಗೆ ಧರೆ ಕಡಿದಿದ್ದಾರೆ, ಬಿರುಕು ಬಿಟ್ಟಿದೆ: ಅನುಭವ ಇದ್ದವರು ಹೇಳಿ

ದೇವಿಮನೆ ಬುಡದವ: ಶಿರಸಿ–ಕುಮಟಾ ರಸ್ತೆ ಅಗಲ ಮಾಡುವಾಗ ನಮ್ಮ ಅಂಗಳದ ಕೆಳಗೆ ಧರೆ, ಅಂದರೆ ಗುಡ್ಡದ ಮಗ್ಗುಲು, 30 ಅಡಿ ನೆಟ್ಟಗೆ ಕಡಿದರು. ಈಗ ಅಂಗಳದಂಚಲ್ಲಿ ಹೆಬ್ಬೆರಳು ಹೋಗುವಷ್ಟು ಬಿರುಕು. ಮನೆಯಲ್ಲಿ ಅಮ್ಮ ಒಬ್ಬರೇ. ಯಾರಿಗೆ ತೋರಿಸೋದು? ಪಾಗಾರ (ತಡೆಗೋಡೆ) ಕಟ್ಟಿದರೆ ನಿಲ್ಲುತ್ತದಾ?

ಗೇರುಸೊಪ್ಪೆ ಕಡೆಯವ: ಪಾಗಾರದ ಕತೆ ನನ್ನ ಹತ್ರ ಕೇಳಿ. 2019ರಲ್ಲಿ 60 ಅಡಿ ಉದ್ದ, 12 ಅಡಿ ಎತ್ತರ ಕಟ್ಟಿಸಿದೆ. ಚಿರೆಕಲ್ಲು 1,900, ಒಂದಕ್ಕೆ 38 ರೂಪಾಯಿ. ಸಿಮೆಂಟ್ 160 ಚೀಲ, 56,000. ಹಿಟಾಚಿಗೆ 21,000, ಕೂಲಿ 1,10,000. ಒಟ್ಟು 2,59,200. ನೀರು ಹೊರಬೀಳಲು ಪೈಪ್ ಇಡಿ ಎಂದರೆ ಮೇಸ್ತ್ರಿ ಕೇಳಲಿಲ್ಲ, ನಾನೂ ಹಟ ಹಿಡಿಯಲಿಲ್ಲ. ಮರುವರ್ಷ ಪುನರ್ವಸು ಮಳೆಗೆ ಗೋಡೆ ಹೊಟ್ಟೆ ಬಿಟ್ಟಿತು, ಮೂರನೇ ದಿನ ಬೆಳಗಿನ ಜಾವ ಮಲಗಿತು. ಮಣ್ಣು ತೆಗೆಸಲಿಕ್ಕೇ ಮತ್ತೆ 40,000. ಎರಡನೇ ಸಲ ಹಿಂದೆ ಜಲ್ಲಿ ತುಂಬಿಸಿ, ಐದೈದು ಅಡಿಗೆ ನಾಲ್ಕಿಂಚು ಪೈಪ್ ಹಾಕಿಸಿ, ಧರೆ ಮೇಲೆ ನೀರು ಹರಿದುಹೋಗಲು ಅಗಳ (ಕಾಲುವೆ) ತೆಗೆಸಿದೆ. ಇವತ್ತಿಗೂ ನಿಂತಿದೆ.

ಹಳಿ ಗಸ್ತಿನವ: ಕೊಂಕಣ ರೈಲ್ವೆಯಲ್ಲಿ 19 ಮಳೆಗಾಲ ರಾತ್ರಿ ಗಸ್ತು ತಿರುಗಿದವ ನಾನು. 2003ರ ಜೂನ್ 22ರಂದು ಕಾರವಾರದಿಂದ ಮುಂಬೈಗೆ ಹೊರಟ ರೈಲು ವೈಭವವಾಡಿ ಹತ್ತಿರ ಹಳಿಗೆ ಬಿದ್ದ ಬಂಡೆಗೆ ಬಡಿದು 50ಕ್ಕೂ ಹೆಚ್ಚು ಜನ ತೀರಿಹೋದರು. ಆಮೇಲೆ ಎಷ್ಟೋ ಕಡೆ ಧರೆಯ ಕಡಿದಾದ ಇಳಿಜಾರು ಕಡಿಮೆ ಮಾಡಿದರು, ಬಲೆ ಹಾಕಿದರು, ಗುಡ್ಡದ ಒಳಗಿನ ಅಲುಗಾಟ ಅಳೆಯುವ ಉಪಕರಣ ಇಟ್ಟರು. ಮಳೆ ಜೋರಾಗಿ ದಾರಿ ಕಾಣದಾದರೆ 40 ಕಿ.ಮೀ. ವೇಗಕ್ಕೆ ಇಳಿಸುತ್ತಾರೆ. ಹೆದ್ದಾರಿಯಲ್ಲಿ ಇಂಥ ಗಸ್ತು ಎಲ್ಲಿದೆ? ನಾವು ನೋಡುತ್ತಿದ್ದದ್ದು ಒರತೆ, ವಾಲಿದ ಮರ, ನೀರಿನ ಬಣ್ಣ.

ಯಲ್ಲಾಪುರದಿಂದ: ಕಳಚೆಯಲ್ಲಿ 2021ರ ಜುಲೈನಲ್ಲಿ ಗುಡ್ಡ ಜಾರಿತಲ್ಲ, ಆ ವರ್ಷವೇ ನಾವೂ ಮನೆ ಬಿಟ್ಟೆವು. ನಾಲ್ಕು ಎಕರೆ ತೋಟ ಅಲ್ಲೇ ಇದೆ, ಅಡಕೆ ಕೊಯ್ಲಿಗೆ ಮಾತ್ರ ಹೋಗ್ತೇವೆ. ಬೆಟ್ಟದ ತಲೆಯಲ್ಲಿ 40 ಇಂಗುಗುಂಡಿ ತೋಡಿದ್ದು ನಾನೇ. ಚಿರೆಕಲ್ಲಿನ ಅಡಿ ಶೇಡಿ ಮಣ್ಣು (ಜೇಡಿಯಂಥ ನುಣುಪು ಮಣ್ಣು) ಇರುವಲ್ಲಿ ನೀರು ಇಂಗಿಸಿದರೆ ಅದು ಬೆಣ್ಣೆಯಾಗುತ್ತದೆ. ಈ ಮಾತು ಆಗ ಯಾರೂ ಹೇಳಲಿಲ್ಲ.

ಶಿರಸಿ ತೋಟಿಗ: ಇಂಗುಗುಂಡಿ ಮೇಲೆ ಹೊರಿಸಬೇಡಿ. 11 ವರ್ಷದಿಂದ ನಮ್ಮ ಬೇಣದಲ್ಲಿ (ಹುಲ್ಲುಗಾವಲಲ್ಲಿ) ಇವೆ, ಬಾವಿ ಬತ್ತಿಲ್ಲ, ಒಂದು ಹೆಂಟೆ ಮಣ್ಣೂ ಜಾರಿಲ್ಲ.

ಯಲ್ಲಾಪುರದಿಂದ: ನಿಮ್ಮ ಬೇಣ ಸಪಾಟು. ನಮ್ಮದು ನಿಂತ ಗುಡ್ಡ. ಒಮ್ಮೆ ಬಂದು ನೋಡಿ ಮಾತಾಡಿ.

ಅಂಕೋಲೆಯವ: ಶಿರೂರಲ್ಲಿ ಯಾವ ಇಂಗುಗುಂಡಿ ಇತ್ತು ಸ್ವಾಮಿ? 2024ರ ಜುಲೈ 16ರಂದು ಹೆದ್ದಾರಿ 66ರ ಪಕ್ಕದ ಗುಡ್ಡ ಗಂಗಾವಳಿಗೆ ಬಿತ್ತು, ಎದ್ದ ನೀರು ಆಚೆ ದಂಡೆಯ ಉಳುವರೆಯ ಮನೆಗಳನ್ನೂ ಹೊಡೆಯಿತು. ಬುಡ ಕಡಿದ ಗುಡ್ಡ ಅದು. ಹೊಳೆಯಿಂದ ಮೇಲೆತ್ತಿದ ಲಾರಿ ನೋಡಿದ್ದೇನೆ, ಇಂದಿಗೂ ಕಣ್ಣಿಗೆ ಬರುತ್ತದೆ. ಭೂವೈಜ್ಞಾನಿಕ ಸರ್ವೇಕ್ಷಣೆಯ ಗುಡ್ಡ ಕುಸಿತದ ನಕ್ಷೆ ನೋಡಿ ಎನ್ನುವವರಿಗೂ ಹೇಳ್ತೇನೆ: ಅದು 1:50,000, ಒಂದು ಸೆಂಟಿಮೀಟರಿಗೆ ಅರ್ಧ ಕಿಲೋಮೀಟರ್. ಅದರಲ್ಲಿ ಯಾರ ಅಂಗಳವೂ ಕಾಣುವುದಿಲ್ಲ.

ಶಿರಸಿ ತೋಟಿಗ: ಕಾರವಾರದ ಹತ್ತಿರದ ಕಡವಾಡ, 2009, ಮರೆತಿರಾ? ಅಕ್ಟೋಬರ್ 2ರ ಮಳೆಗೆ ಗುಡ್ಡ ಜಾರಿ 19 ಜನ ಹೋದರು. ಆ ಮಳೆಯ ಲೆಕ್ಕ ಯಾರಿಗೂ ಬೇಡ, ಎಲ್ಲದಕ್ಕೂ ರಸ್ತೆ, ಇಲ್ಲದಿದ್ದರೆ ಗುಂಡಿ.

ದೇವಿಮನೆ ಬುಡದವ: ನನ್ನ ಪ್ರಶ್ನೆ ಹಾಗೇ ಉಳಿಯಿತು. ಬಿರುಕಿನ ಎರಡೂ ಕಡೆ ಗೂಟ ಹೊಡೆದು ಅಳೆದೆ, ನಿನ್ನೆಯಿಂದ ಇವತ್ತಿಗೆ ಅರ್ಧ ಇಂಚು ಅಗಲ ಆಗಿದೆ. ಧರೆ ಬುಡದ ಒರತೆ ಬೆಳಿಗ್ಗೆಯಿಂದ ಕೆಂಪು.

ಹಳಿ ಗಸ್ತಿನವ: ಕೆಂಪು ನೀರು ಬಂತೆಂದರೆ ಒಳಗೆ ಮಣ್ಣು ಕೊರೆಯುತ್ತಿದೆ. ಪಾಗಾರ, ನಕ್ಷೆ ಎಲ್ಲ ಆಮೇಲೆ. ಕತ್ತಲಾಗುವ ಮೊದಲೇ ಅಮ್ಮನನ್ನು ಕುಮಟೆಗೆ ಕರೆದುಕೊಂಡು ಹೋಗಿ. ಪಂಚಾಯ್ತಿಗೂ ತಹಶೀಲ್ದಾರರಿಗೂ ದಾರಿಯಿಂದಲೇ ಫೋನ್ ಮಾಡಿ.

ಯಲ್ಲಾಪುರದಿಂದ: ದನ ಇದ್ದರೆ ಕಣ್ಣಿ (ಕಟ್ಟಿದ ಹಗ್ಗ) ಬಿಚ್ಚಿ ಹೋಗಿ. ನಾವು ಮರೆತಿದ್ದೆವು.