‘ಡ್ಯುಯಲ್ ಎಲಿಜಿಬಲ್’ ಅನ್ನುವುದಕ್ಕೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ಅಮೆರಿಕದಲ್ಲಿ ಮಕ್ಕಳ ಜೊತೆ ಇರುವ ಕನ್ನಡದ ಹಿರಿಯರಿಗಾಗಿ ಒಂದು ಕರಪತ್ರ ಬರೆಯುತ್ತಿದ್ದೇನೆ. ‘ಡ್ಯುಯಲ್ ಎಲಿಜಿಬಲ್’ ಅನ್ನುವ ಪದದ ಹತ್ತಿರ ಕೆಲಸ ನಿಂತಿದೆ.

ಅಲ್ಲಿ ಮೆಡಿಕೇರ್, ಮೆಡಿಕೇಡ್ ಎಂಬ ಎರಡು ಸರ್ಕಾರಿ ವಿಮೆಗಳಿವೆ. ಎರಡೂ 1965ರ ಒಂದೇ ಕಾನೂನಿನಿಂದ ಬಂದವು. ಮೆಡಿಕೇರ್ ಮುಖ್ಯವಾಗಿ 65 ತುಂಬಿದವರಿಗೆ. ಮೆಡಿಕೇಡ್ ಆದಾಯ ಕಡಿಮೆ ಇರುವವರಿಗೆ, ಅದನ್ನು ನಡೆಸುವುದು ಆಯಾ ರಾಜ್ಯ. ಎರಡಕ್ಕೂ ಅರ್ಹತೆ ಇರುವವರೇ ಈ ‘ಡ್ಯುಯಲ್’ ಜನ.

ಮೊದಲು ‘ಇಮ್ಮಡಿ ಅರ್ಹರು’ ಎಂದು ಬರೆದಿದ್ದೆ. ಓದಿದ ಅಜ್ಜಿಯೊಬ್ಬರು, “ಹಾಗಾದ್ರೆ ದುಡ್ಡು ಎರಡು ಪಟ್ಟು ಬರುತ್ತಾ?” ಎಂದು ಕೇಳಿದರು. ಇಮ್ಮಡಿ ಅಂದರೆ ಹಾಗೇ ಅಲ್ವಾ? ನಿಜದಲ್ಲಿ ಬಿಲ್ಲಿಗೆ ಮೊದಲು ಮೆಡಿಕೇರ್ ಹಣ ಕೊಡುತ್ತದೆ. ಅದು ಬಿಟ್ಟದ್ದಕ್ಕೆ ಮಾತ್ರ ಮೆಡಿಕೇಡ್ ಬರುತ್ತದೆ. ‘ದ್ವಿ-ಅರ್ಹ’ ಬಾಯಿಗೆ ಹತ್ತುವುದಿಲ್ಲ. ‘ಫಲಾನುಭವಿ’ ಅಂದರೆ ಆಗಲೇ ಪಡೆಯುತ್ತಿರುವವರು. ಅರ್ಹತೆ ಇದ್ದೂ ಅರ್ಜಿ ಹಾಕದವರು ಹೊರಗುಳಿಯುತ್ತಾರೆ. ಕರಪತ್ರ ಮುಟ್ಟಬೇಕಾದದ್ದು ಅವರನ್ನೇ. ಸದ್ಯಕ್ಕೆ ‘ಎರಡೂ ವಿಮೆ ಸಲ್ಲುವವರು’ ಎಂದು ಇಟ್ಟುಕೊಂಡಿದ್ದೇನೆ. ‘ಸಲ್ಲು’ ನನಗೆ ತುಂಬಾ ಹಿಡಿಸಿದೆ. ಆದರೆ ಕೆಲವರಿಗೆ ಮೆಡಿಕೇಡ್ ಪೂರ್ತಿ ಸಿಗುವುದಿಲ್ಲ, ಮೆಡಿಕೇರ್‌ನ ತಿಂಗಳ ಕಂತು ಕಟ್ಟುವಷ್ಟಕ್ಕೇ ನಿಲ್ಲುತ್ತದೆ. ಅವರಿಗೂ ಈ ಮಾತು ಒಪ್ಪುತ್ತದೆಯೇ?

ನಡುವೆ ಇನ್ನೊಂದು ತೊಡಕು. ‘ನರ್ಸಿಂಗ್ ಹೋಮ್’ ಅಂದರೆ ನಮಗೆ ಸಣ್ಣ ಖಾಸಗಿ ಆಸ್ಪತ್ರೆ. ಅಲ್ಲಿ ಅದು ಕೈಲಾಗದವರು ವರ್ಷಗಟ್ಟಲೆ ಉಳಿಯುವ ಮನೆ. ಆ ದೀರ್ಘ ವಾಸದ ಖರ್ಚು ಮೆಡಿಕೇರ್‌ನದಲ್ಲ, ಮೆಡಿಕೇಡ್‌ನದು. ಹಾಗಾಗಿ ಪದವನ್ನು ಸುಮ್ನೆ ಹಾಗೇ ಬಿಟ್ಟರೆ ಓದುವವರು ದಾರಿ ತಪ್ಪುತ್ತಾರೆ. ‘ಆರೈಕೆ ಮನೆ’ ಎಂದಿದ್ದೇನೆ.

ಕೊನೆಯದು ‘ಕೇರ್ ಕೋಆರ್ಡಿನೇಷನ್’. ‘ಸಮನ್ವಯ’ ಸುತ್ತೋಲೆಯ ಮಾತು. ‘ಹೊಂದಾಣಿಕೆ’ ಅಂದರೆ ಹಿರಿಯರು ತಾವೇ ಸಹಿಸಿಕೊಂಡು ಹೋಗಬೇಕು ಎಂದು ಕೇಳಿಸುತ್ತದೆ, ಅದು ನನಗೆ ಬೇಡವೇ ಬೇಡ. ಕೆಲಸ ಇಷ್ಟು: ಡಾಕ್ಟರು, ಔಷಧಿ, ಮನೆಗೆ ಬರುವ ಸಹಾಯಕರು, ಆಸ್ಪತ್ರೆಗೆ ಹೋಗುವ ಗಾಡಿ, ಇವನ್ನೆಲ್ಲ ಒಬ್ಬರೇ ನೋಡಿಕೊಂಡು, ಯಾವುದಕ್ಕೆ ಯಾವ ವಿಮೆ ಎಂದು ಹೇಳುವುದು. ‘ಆರೈಕೆ ಜೋಡಿಸುವವರು’ ಅನ್ನಬಹುದೇ? ಫೋನಿನಲ್ಲಿ ಒಮ್ಮೆ ಹೇಳಿದರೆ ಎಂಬತ್ತರ ಅಜ್ಜನಿಗೂ ತಿಳಿಯಬೇಕು. ನಿಮ್ಮ ಮನೆಮಾತಿನಲ್ಲಿ, ಊರಿನ ಬಳಕೆಯಲ್ಲಿ ಇದಕ್ಕಿಂತ ಒಳ್ಳೆಯದಿದ್ದರೆ ದಯವಿಟ್ಟು ತಿಳಿಸಿ.