ಅಪ್‌ಡೇಟ್: ಹಳೇ ಊರಿಗೆ ವಾಷಿಂಗ್ ಮಷೀನ್, ಫ್ರಿಜ್ ಸಾಗಿಸಿದ್ದು
ಮನೆಮಂದಿಯೆಲ್ಲ ಹಳೇ ಊರಿಗೆ ವಾಪಸ್ ಹೋಗುವಾಗ ಇವೆರಡನ್ನೂ ಕೆಡದಂತೆ ಒಯ್ಯುವುದು ಹೇಗೆ ಅಂತ ಕೇಳಿದ್ದೆ. ಎರಡೂ ಚೆನ್ನಾಗಿ ಓಡುತ್ತಿವೆ, ಎಲ್ಲರಿಗೂ ಧನ್ಯವಾದ.

ಕೈಹಿಡಿದದ್ದು ಟ್ರಾನ್ಸಿಟ್ ಬೋಲ್ಟ್ (ಸಾಗಿಸುವಾಗ ಡ್ರಮ್ ಅಲ್ಲಾಡದಂತೆ ಹಿಡಿದಿಡುವ ಬೋಲ್ಟ್) ಸಲಹೆ. ಫ್ರಂಟ್ ಲೋಡ್ ಮಷೀನಿನ ಡ್ರಮ್ ಸ್ಪ್ರಿಂಗಿನಲ್ಲಿ ತೂಗಾಡುತ್ತಿರುತ್ತದೆ; ಹಿಂಬದಿಗೆ ಬೋಲ್ಟ್ ಹಾಕಿ ಬಿಗಿಯದಿದ್ದರೆ ದಾರಿಯ ಕುಲುಕಾಟಕ್ಕೆ ಡ್ಯಾಂಪರ್ (ಡ್ರಮ್ಮಿನ ಕುಲುಕಾಟ ತಗ್ಗಿಸುವ ಭಾಗ), ಬೇರಿಂಗ್ ಹಾಳಾಗಬಹುದು. ಬೋಲ್ಟ್ ಕಳೆದಿದ್ದರೆ ಅದೇ ಮಾಡೆಲ್‌ನದ್ದೇ ತರಿಸಿ. ಡ್ರಮ್ಮಿಗೆ ಹೊದಿಕೆ ತುರುಕುವ ಉಪಾಯದಿಂದ ಪ್ರಯೋಜನವಿಲ್ಲ, ಅಲ್ಲಾಡುವುದು ಇಡೀ ಡ್ರಮ್ಮೇ ಅಲ್ಲವೇ! ತಲುಪಿದ ಮೇಲೆ ಬೋಲ್ಟ್ ಬಿಚ್ಚಿಯೇ ಓಡಿಸಿ, ಇದನ್ನು ಮಾತ್ರ ಮರೆಯಬೇಡಿ.

ಫ್ರಿಜ್ 24 ಗಂಟೆ ಮೊದಲೇ ಆಫ್ ಮಾಡಿ, ಒರೆಸಿ, ನೆಟ್ಟಗೇ ಒಯ್ಯಿರಿ. ಗೊತ್ತೇ ಇರದಿದ್ದ ಸಂಗತಿ: ಮಲಗಿಸಿದರೆ ಕಂಪ್ರೆಸರಿನ ಎಣ್ಣೆ ಕೊಳವೆಗೆ ಹರಿಯುತ್ತದಂತೆ. ಮಲಗಿಸಲೇಬೇಕಾಗಿ ಬಂದರೆ, ಕನಿಷ್ಠ ಮಲಗಿಸಿದ್ದಷ್ಟೇ ಹೊತ್ತು ನಿಲ್ಲಿಸಿಟ್ಟು ಆಮೇಲೆ ಸ್ವಿಚ್ ಹಾಕಿ.