ಸಹಾಯ ಬೇಕು: ಕಲ್ಪಿತ ದೇಶವೊಂದರ ಆಳುವ ಪಕ್ಷದ ಏಳುಬೀಳು

ಮಾನ್ಯರೇ,

ನಾನು ಬರೆಯುತ್ತಿರುವ ಕಾದಂಬರಿಯ ಕಲ್ಪಿತ ದೇಶವನ್ನು ರಾಷ್ಟ್ರೀಯವಾದಿ ಪಕ್ಷವೊಂದು ದಶಕಗಳ ಕಾಲ ಆಳುತ್ತದೆ. ಇದಕ್ಕೆ ಮಾದರಿಯಾಗಿ ದಕ್ಷಿಣ ಆಫ್ರಿಕಾದ ನ್ಯಾಷನಲ್ ಪಾರ್ಟಿಯನ್ನು ಇಟ್ಟುಕೊಂಡಿದ್ದೇನೆ. 1914ರಲ್ಲಿ ಹುಟ್ಟಿ, ಒಡೆದು, ಮತ್ತೆ ಕೂಡಿಕೊಂಡ ಈ ಪಕ್ಷವು 1948ರಲ್ಲಿ ಡಿ. ಎಫ್. ಮಲಾನ್ ನೇತೃತ್ವದಲ್ಲಿ ಅಧಿಕಾರ ಹಿಡಿದಾಗ ಎದುರಾಳಿಗಳಿಗಿಂತ ಕಡಿಮೆ ಮತ ಗಳಿಸಿತ್ತು. ಪಕ್ಷಕ್ಕೆ ಬಲವಿದ್ದ ಗ್ರಾಮೀಣ ಕ್ಷೇತ್ರಗಳಲ್ಲಿ ಮತದಾರರ ಸಂಖ್ಯೆ ಕಡಿಮೆಯಿದ್ದುದರಿಂದ ಸ್ಥಾನಗಳು ಮಾತ್ರ ಹೆಚ್ಚು ದೊರೆತವು. ಏರಿಕೆಯ ಈ ಭಾಗವನ್ನು ಬರೆದು ಮುಗಿಸಿದ್ದೇನೆ.

ತೊಡಕಿರುವುದು ಇಳಿಕೆಯಲ್ಲಿ. ನನ್ನ ಕರಡಿನಲ್ಲಿ ಪಕ್ಷವು ಒಂದೇ ಚುನಾವಣೆಯಲ್ಲಿ ನೆಲಕಚ್ಚುತ್ತದೆ, ಅದು ತೀರಾ ಸಲೀಸಾಯಿತು. ವಾಸ್ತವದಲ್ಲಿ, ವರ್ಣಭೇದ ನೀತಿಯ ಸುಧಾರಣೆ ಅತಿಯಾಯಿತೆಂದು ಪಕ್ಷದ ಸಂಪ್ರದಾಯವಾದಿ ನಾಯಕ ಟ್ರೂರ್ನಿಕ್ಟ್ ಅವರ ಬಣವು 1982ರಲ್ಲೇ ಹೊರನಡೆದು ಕನ್ಸರ್ವೇಟಿವ್ ಪಾರ್ಟಿ ಕಟ್ಟಿತು. ವರ್ಣಭೇದದ ಕಾನೂನುಗಳನ್ನು ತಂದಿದ್ದ ಪಕ್ಷದ ನಾಯಕ ಡಿ ಕ್ಲರ್ಕ್ ಅವರೇ 1990ರಲ್ಲಿ, ಆ ಕಾನೂನುಗಳ ವಿರುದ್ಧ ಹೋರಾಡುತ್ತಿದ್ದ ಆಫ್ರಿಕನ್ ನ್ಯಾಷನಲ್ ಕಾಂಗ್ರೆಸ್ ಮೇಲಿನ ನಿಷೇಧ ತೆಗೆದರು. 1994ರಲ್ಲಿ ಶೇ. 20ರಷ್ಟು ಮತ ಪಡೆದಿದ್ದ ಪಕ್ಷ, ಹೆಸರು ಬದಲಿಸಿಕೊಂಡ ಮೇಲೂ 2004ರಲ್ಲಿ ಶೇ. 2ಕ್ಕಿಂತ ಕೆಳಗಿಳಿದು, ಮರುವರ್ಷ ವಿಸರ್ಜನೆಗೊಂಡಿತು. ಅದರ ಕೊನೆಯ ನಾಯಕರು ಸೇರಿದ್ದು ತಾವು ಹಿಂದೆ ನಿಷೇಧಿಸಿದ್ದ ಅದೇ ಕಾಂಗ್ರೆಸ್ಸನ್ನು! ಕಥೆಯಲ್ಲಿ ಹೀಗೆಯೇ ಬರೆದರೆ ಓದುಗರು ನಂಬಲಾರರೇನೋ ಎಂಬ ಅಳುಕು ನನಗಿದೆ.

ಆ ವರ್ಷಗಳಲ್ಲಿ ಅಲ್ಲಿ ನೆಲೆಸಿದ್ದವರು ಅಥವಾ ಈ ಇತಿಹಾಸವನ್ನು ಓದಿಕೊಂಡವರು ಇಲ್ಲಿದ್ದರೆ, ಊರಿನ ಮಟ್ಟದ ಕಾರ್ಯಕರ್ತರೂ ಪಕ್ಷದ ಕೃಪೆಯಿಂದ ಕೆಲಸಕ್ಕೆ ಸೇರಿದ್ದ ಸರ್ಕಾರಿ ನೌಕರರೂ ಈ ಕುಸಿತವನ್ನು ಹೇಗೆ ಎದುರಿಸಿದರೆಂಬುದನ್ನು ದಯವಿಟ್ಟು ತಿಳಿಸಿಕೊಡಿ. ನಾಯಕರ ಆತ್ಮಕಥೆಗಳಿಗಿಂತ ಇಂಥವರ ದಿನನಿತ್ಯದ ವಿವರಗಳೇ ನನಗೆ ಹೆಚ್ಚು ಬೇಕಾಗಿವೆ.